ಪ್ರೋಬಯೋಟಿಕ್ ಬ್ಯಾಕ್ಟೀರಿಯಾವನ್ನು ಆಲ್ಜಿನೇಟ್ ಮಣಿಯೊಳಗೆ ಜೋಪಾನ ಮಾಡುವ ಬಗೆ

ಮೈಸೂರಿನ ನಮ್ಮ ಆಹಾರ ಸೂಕ್ಷ್ಮಜೀವಿ ಲ್ಯಾಬಿಗೆ ಡಿಸೆಂಬರ್ ಹೊತ್ತಿಗೆ ಎಂಎಸ್ಸಿ ಕೊನೆಯ ವರ್ಷದ ಮಕ್ಕಳು ಪ್ರಾಜೆಕ್ಟ್ ಹಿಡಿದುಕೊಂಡು ಬರುತ್ತಾರೆ. ಅವರಲ್ಲಿ ಒಂದಿಬ್ಬರಾದರೂ ಹೇಳುವ ಮಾತು ಇದು: "ಮೇಡಂ, ಎನ್‌ಕ್ಯಾಪ್ಸುಲೇಶನ್ ಮಾಡ್ತೀವಿ, ಬೀಡ್ಸ್ ಮಾಡೋದು ಸುಲಭ ಅಂತೆ." ಪ್ರೋಬಯೋಟಿಕ್ ಎಂದರೆ ದೇಹಕ್ಕೆ ಒಳಿತು ಮಾಡುವ ಬ್ಯಾಕ್ಟೀರಿಯಾ; ಅದನ್ನು ಜೆಲ್ ಮಣಿಯೊಳಗೆ ಹುದುಗಿಸಿ ಕಾಪಾಡುವುದೇ ಎನ್‌ಕ್ಯಾಪ್ಸುಲೇಶನ್. ಹೌದು, ಮಣಿ ಮಾಡುವುದು ಸುಲಭ. ಸಿರಿಂಜ್, ಸೋಡಿಯಂ ಆಲ್ಜಿನೇಟ್ (ಕಡಲಪಾಚಿಯಿಂದ ತೆಗೆದ ಪುಡಿ), ಕ್ಯಾಲ್ಸಿಯಂ ಕ್ಲೋರೈಡ್ ಇದ್ದರೆ ಊಟದ ಹೊತ್ತಿಗೆ ಬೀಕರ್ ತುಂಬ ಮಣಿ ಸಿದ್ಧ. ನಾನು ನೋಡುವುದು ಆ ಬೀಕರನ್ನಲ್ಲ. ಮಣಿಯನ್ನು ಕರಗಿಸಿ ಪ್ಲೇಟ್ (ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆ) ಹಾಕಿದಾಗ ಎಷ್ಟು ಕಾಲೊನಿ (ಕಣ್ಣಿಗೆ ಕಾಣುವ ಕೋಶಗಳ ಗುಂಪು) ಬಂತು, ಅದೇ ದಿನ ಅದೇ ಕಲ್ಚರಿನಿಂದ ಮಣಿಯಿಲ್ಲದೆ ಬಿಟ್ಟ ಕೋಶಗಳಲ್ಲಿ ಎಷ್ಟು ಉಳಿಯಿತು, ಇವೆರಡನ್ನು ನೋಡುತ್ತೇನೆ. ಈ ಬರಹದ ಪ್ರತಿ ಹೆಜ್ಜೆಯೂ ಆ ಎರಡು ಸಂಖ್ಯೆಗಳಿಗಾಗಿಯೇ.

ಕಾಪಾಡುವುದು ಏತರಿಂದ?

2001ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆ ಕೂಡಿ ಪ್ರೋಬಯೋಟಿಕ್‌ಗೆ ಕೊಟ್ಟ ವ್ಯಾಖ್ಯೆಯಲ್ಲಿ ಎರಡು ಷರತ್ತು ಮುಖ್ಯ: ಸೂಕ್ಷ್ಮಜೀವಿ ಜೀವಂತವಾಗಿರಬೇಕು, ಸಾಕಷ್ಟು ಸಂಖ್ಯೆಯಲ್ಲಿರಬೇಕು. ನಮ್ಮ ದೇಶದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2016ರ ನಿಯಮಾವಳಿಯಲ್ಲಿ ಇಟ್ಟ ಗುರಿ, ದಿನಕ್ಕೆ ಶಿಫಾರಸು ಮಾಡಿದ ಪ್ರಮಾಣದಲ್ಲಿ ಕನಿಷ್ಠ 10 ಕೋಟಿ ಸಿಎಫ್‌ಯು. ಸಿಎಫ್‌ಯು ಎಂದರೆ ಪ್ಲೇಟಿನ ಮೇಲೆ ಒಂದು ಕಾಲೊನಿಯಾಗಿ ಬೆಳೆಯಬಲ್ಲ ಘಟಕ. ಲೆಕ್ಕಕ್ಕೆ ಸಿಗುವುದು ಬದುಕಿ ವಿಭಜನೆಯಾಗಬಲ್ಲದ್ದು ಮಾತ್ರ, ಸತ್ತದ್ದು ಸಿಗುವುದಿಲ್ಲ.

ಕಾರ್ಖಾನೆಯಿಂದ ಕರುಳಿನವರೆಗೆ ಇವನ್ನು ಕೊಲ್ಲುವುದು ಒಂದೇ ಎರಡೇ? ಒಣಗಿಸುವಾಗಿನ ಬಿಸಿ, ಡಬ್ಬಿಯೊಳಗೆ ನುಗ್ಗುವ ತೇವ, ಆಮ್ಲಜನಕ, ದಿನ ಕಳೆದಂತೆ ಹುಳಿಯೇರುವ ಮೊಸರು, ಹೊಟ್ಟೆಯ ಹೈಡ್ರೋಕ್ಲೋರಿಕ್ ಆಮ್ಲ, ಅದನ್ನು ದಾಟಿದರೆ ಪಿತ್ತರಸ. ಬೈಫಿಡೊಬ್ಯಾಕ್ಟೀರಿಯಂ ಕುಲಕ್ಕೆ ಆಮ್ಲಜನಕ ಆಗಿಬರುವುದೇ ಇಲ್ಲ. ಲ್ಯಾಕ್ಟೊಬ್ಯಾಸಿಲಸ್ ಬಳಗದವು ಗಾಳಿಯನ್ನು ಒಂದಿಷ್ಟು ತಡೆದುಕೊಳ್ಳುತ್ತವೆ, ಆದರೆ ಆಮ್ಲದ ವಿಷಯದಲ್ಲಿ ಒಂದೊಂದು ತಳಿಯದ್ದು ಒಂದೊಂದು ರೀತಿ.

ಆದ್ದರಿಂದ ಮಣಿ ಮಾಡುವ ಮುಂಚೆ ಒಂದು ದಿನ ಸುಮ್ಮನೆ ಪರೀಕ್ಷೆಗೆ ಕೊಡಿ. ನಿಮ್ಮ ತಳಿಯನ್ನು ಬೆತ್ತಲೆಯಾಗಿಯೇ, ಅಂದರೆ ಮಣಿಯಿಲ್ಲದೆ, ಪಿಎಚ್ 2ರಲ್ಲಿ ಎರಡು ಗಂಟೆ ಇಟ್ಟು ಎಣಿಸಿ. ಅಲ್ಲಿ ಅದು ತಾನಾಗಿಯೇ ಚೆನ್ನಾಗಿ ಬದುಕಿದರೆ ಹೊಟ್ಟೆಯ ಆಮ್ಲಕ್ಕೆಂದು ಮಣಿ ಕಟ್ಟುವ ಅಗತ್ಯವಿಲ್ಲ. ಒಣಗಿಸುವಿಕೆಯ ಕಡೆಗೆ ಗಮನ ಕೊಡಿ. ಈ ಒಂದು ದಿನದ ಕೆಲಸದಿಂದ ಒಂದು ಸೆಮಿಸ್ಟರ್ ಉಳಿದದ್ದನ್ನು ನಾನು ನೋಡಿದ್ದೇನೆ.

ತಳಿ, ಕಲ್ಚರ್

ಮೆಡಿಕಲ್ ಶಾಪಿನ ಕ್ಯಾಪ್ಸೂಲ್ ಒಡೆದು ಕಲ್ಚರ್ ಮಾಡಿಕೊಳ್ಳುವ ಅಭ್ಯಾಸ ಕೆಲವು ಕಡೆ ಇದೆ. ಅದು ಬೇಡ. ಒಳಗೆ ಏನಿದೆ, ಎಷ್ಟು ತಳಿಗಳಿವೆ ಎಂದು ನಿಮಗೆ ಖಚಿತವಾಗಿ ಗೊತ್ತಿರುವುದಿಲ್ಲ. ಸೂಕ್ಷ್ಮಜೀವಿಗಳ ಸಂಗ್ರಹಾಲಯಗಳಾದ ಚಂಡೀಗಢದ ಎಂಟಿಸಿಸಿಯಿಂದಲೋ ಕರ್ನಾಲದ ಹೈನುಗಾರಿಕೆ ಸಂಶೋಧನಾ ಸಂಸ್ಥೆ ಎನ್‌ಡಿಆರ್‌ಐನಲ್ಲಿರುವ ಎನ್‌ಸಿಡಿಸಿಯಿಂದಲೋ ಸಂಖ್ಯೆ ಸಹಿತ ತಳಿ ತರಿಸಿಕೊಳ್ಳಿ. ಹಳೆಯ ಪ್ರಬಂಧಗಳನ್ನು ಓದುವಾಗ ಹೆಸರಿನ ಬಗ್ಗೆ ಎಚ್ಚರವಿರಲಿ: 2020ರಲ್ಲಿ ಲ್ಯಾಕ್ಟೊಬ್ಯಾಸಿಲಸ್ ಕುಲವನ್ನು 25 ಕುಲಗಳಾಗಿ ಒಡೆದಿದ್ದಾರೆ. ಮೊದಲಿನ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಂ ಈಗ ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್ ಪ್ಲಾಂಟಾರಂ. ರ‍್ಯಾಮ್ನೋಸಸ್ ಈಗ ಲ್ಯಾಕ್ಟಿಕೇಸಿಬ್ಯಾಸಿಲಸ್ ಕುಲಕ್ಕೆ ಸೇರಿದೆ. ಅಸಿಡೋಫಿಲಸ್‌ನಂಥವು ಹಳೆಯ ಹೆಸರಿನಲ್ಲೇ ಇವೆ. ಹೊಸಬರು ಪ್ಲಾಂಟಾರಂನಿಂದ ಶುರು ಮಾಡಿದರೆ ಒಳ್ಳೆಯದು. ಬೆಳೆಸುವುದಕ್ಕೆ ಹೆಚ್ಚು ಕಾಡುವುದಿಲ್ಲ.

ಎಂಆರ್‌ಎಸ್ ಬ್ರಾತಿನಲ್ಲಿ (ಈ ಬ್ಯಾಕ್ಟೀರಿಯಾಗಳಿಗೆಂದೇ ಇರುವ ಪೋಷಕ ದ್ರವ) 37 ಡಿಗ್ರಿಯಲ್ಲಿ 16ರಿಂದ 18 ಗಂಟೆ ಬೆಳೆಸಿ. ಸಂಜೆ ಐದಕ್ಕೆ ಹಾಕಿದರೆ ಬೆಳಿಗ್ಗೆ ಲ್ಯಾಬ್ ತೆರೆಯುವ ಹೊತ್ತಿಗೆ ಸರಿಹೋಗುತ್ತದೆ. ಇಷ್ಟು ಹೊತ್ತು ಏಕೆಂದರೆ, ಬೆಳವಣಿಗೆ ನಿಂತು ಸ್ಥಿರ ಹಂತಕ್ಕೆ ಬಂದ ಕೋಶಗಳು ಆಹಾರದ ಕೊರತೆಯನ್ನೂ ತಾವೇ ಮಾಡಿಕೊಂಡ ಹುಳಿಯನ್ನೂ ಒಮ್ಮೆ ಎದುರಿಸಿ ಗಟ್ಟಿಯಾಗಿರುತ್ತವೆ. ಭರದಿಂದ ಬೆಳೆಯುತ್ತಿರುವ ಎಳೆಯ ಕೋಶಗಳನ್ನು ತೆಗೆದುಕೊಂಡರೆ ಮುಂದೆ ಒಣಗಿಸುವಾಗಲೂ ಆಮ್ಲದಲ್ಲೂ ಹೆಚ್ಚು ಸಾಯುತ್ತವೆ.

ಸೆಂಟ್ರಿಫ್ಯೂಜ್: 4000 ಜಿ, 4 ಡಿಗ್ರಿ, 10 ನಿಮಿಷ. ಇಲ್ಲಿ ಜಿ (ಗುರುತ್ವದ ಎಷ್ಟು ಪಟ್ಟು ಬಲ) ಮತ್ತು ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಬೇರೆ ಬೇರೆ. ರೋಟರಿನ ತ್ರಿಜ್ಯ 10 ಸೆಂಟಿಮೀಟರ್ ಇದ್ದರೆ 4000 ಆರ್‌ಪಿಎಂಗೆ ಸಿಗುವುದು ಸುಮಾರು 1800 ಜಿ. 4000 ಜಿ ಬೇಕೆಂದರೆ 6000 ಆರ್‌ಪಿಎಂ ಓಡಿಸಬೇಕು. ಕಡಿಮೆ ಓಡಿಸಿದರೆ ಅರ್ಧ ಕೋಶ ಮೇಲಿನ ದ್ರವದಲ್ಲೇ ಉಳಿದು ಸಿಂಕಿಗೆ ಹೋಗುತ್ತದೆ.

ತಳಕ್ಕೆ ಕೂತ ಕೋಶಗಳ ಗಟ್ಟಿಯನ್ನು (ಪೆಲೆಟ್) ಸ್ಟೆರೈಲ್ ಸಲೈನಿನಲ್ಲಿ (ಉಪ್ಪುನೀರು) ಎರಡು ಸಲ ತೊಳೆಯಿರಿ. ಇದನ್ನು ಬಿಡಲೇಬಾರದು, ಏಕೆಂದರೆ ಎಂಆರ್‌ಎಸ್‌ನಲ್ಲಿ ಲೀಟರಿಗೆ 2 ಗ್ರಾಂ ಅಮೋನಿಯಂ ಸಿಟ್ರೇಟ್, 2 ಗ್ರಾಂ ಡೈಪೊಟ್ಯಾಸಿಯಂ ಫಾಸ್ಫೇಟ್ ಇರುತ್ತವೆ. ಎರಡೂ ಕ್ಯಾಲ್ಸಿಯಂ ಕಂಡರೆ ಹಿಡಿದುಕೊಳ್ಳುತ್ತವೆ. ಮಣಿ ನಿಂತಿರುವುದೇ ಕ್ಯಾಲ್ಸಿಯಂ ಮೇಲೆ. ತೊಳೆಯದ ಪೆಲೆಟ್ ಹಾಕಿದರೆ ಮಣಿ ಮೆತ್ತಗಾಗುತ್ತದೆ, ಆಮೇಲೆ ಆಲ್ಜಿನೇಟ್ ಕಂಪನಿಯನ್ನು ಬೈದು ಪ್ರಯೋಜನವಿಲ್ಲ. ಇದೇ ಕಾರಣಕ್ಕೆ ಫಾಸ್ಫೇಟ್ ಬಫರಿನಲ್ಲಿ ತೊಳೆಯಬೇಡಿ. ಸಿದ್ಧವಾದ ಮಣಿಗಳನ್ನು ಎಂಆರ್‌ಎಸ್‌ನಲ್ಲಿ ನೆನೆಹಾಕಿಯೂ ಇಡಬೇಡಿ.

ಆಲ್ಜಿನೇಟ್ ಕಲಸುವುದು

ಕಂದು ಕಡಲಪಾಚಿಯ ಕೋಶಭಿತ್ತಿಯಿಂದ ತೆಗೆಯುವ ಪಾಲಿಸ್ಯಾಕರೈಡ್ ಇದು. ಸರಪಳಿಯಲ್ಲಿ ಗುಲುರಾನಿಕ್ ಮತ್ತು ಮ್ಯಾನುರಾನಿಕ್ ಎಂಬ ಎರಡು ಆಮ್ಲಗಳ ಘಟಕಗಳಿರುತ್ತವೆ. ಗುಲುರಾನಿಕ್ ಸಾಲುಗಳು ಎದುರುಬದುರು ನಿಂತಾಗ ನಡುವೆ ಗುಳಿಗಳಾಗುತ್ತವೆ; ಮೊಟ್ಟೆಯ ಟ್ರೇಯಲ್ಲಿ ಮೊಟ್ಟೆ ಕೂತ ಹಾಗೆ ಆ ಗುಳಿಗಳಲ್ಲಿ ಕ್ಯಾಲ್ಸಿಯಂ ಅಯಾನುಗಳು ಕೂತು ಎರಡು ಸರಪಳಿಗಳನ್ನು ಬೆಸೆಯುತ್ತವೆ. ಗುಲುರಾನಿಕ್ ಪಾಲು ಹೆಚ್ಚಿದ್ದರೆ ಮಣಿ ಗಡಸು, ಮ್ಯಾನುರಾನಿಕ್ ಹೆಚ್ಚಿದ್ದರೆ ಮಿದು. ಖರೀದಿಸುವಾಗ ಸ್ನಿಗ್ಧತೆ ಎಷ್ಟು, ಗುಲುರಾನಿಕ್ ಪಾಲು ಎಷ್ಟು ಎಂದು ಕೇಳಿ ತರಿಸಿ, ಬಾಟಲಿಯ ಲಾಟ್ ನಂಬರನ್ನು ನೋಟ್‌ಬುಕ್‌ನಲ್ಲಿ ಬರೆದಿಡಿ. ಲಾಟ್ ಬದಲಾದರೆ ಮಣಿಯ ಗುಣವೂ ಬದಲಾಗುತ್ತದೆ.

ನಮಗೆ ಕೊನೆಗೆ ಬೇಕಾದದ್ದು ಶೇ 2ರ ಆಲ್ಜಿನೇಟ್. ನಾಲ್ಕು ಪಾಲು ಆಲ್ಜಿನೇಟಿಗೆ ಒಂದು ಪಾಲು ಕೋಶದ ದ್ರವ ಸೇರಿಸುವುದರಿಂದ ಮೊದಲು ಶೇ 2.5ರದ್ದು ಮಾಡಿಕೊಳ್ಳಬೇಕು: 100 ಮಿಲಿ ನೀರಿಗೆ 2.5 ಗ್ರಾಂ. ನೀರು ಡಿಸ್ಟಿಲ್ಡ್ ಆಗಿರಲಿ. ಬೋರ್‌ವೆಲ್ ನೀರಿನಲ್ಲಿ ಇರುವ ಕ್ಯಾಲ್ಸಿಯಂ ಸಾಕು, ಪುಡಿ ಕರಗುವ ಮೊದಲೇ ಅಲ್ಲಲ್ಲಿ ಜೆಲ್ ಆಗಿಬಿಡುತ್ತದೆ.

ಪುಡಿಯನ್ನು ಒಮ್ಮೆಲೇ ಸುರಿದರೆ ಗಂಟು ಕಟ್ಟುತ್ತದೆ. ಹೊರಗೆ ಲೋಳೆ, ಒಳಗೆ ಒಣ ಪುಡಿ. ಆ ಗಂಟು ಎಷ್ಟು ಹೊತ್ತು ತಿರುಗಿಸಿದರೂ ಬಿಡುವುದಿಲ್ಲ. ಮ್ಯಾಗ್ನೆಟಿಕ್ ಸ್ಟರರ್ ಮೇಲೆ ನೀರು ಜೋರಾಗಿ ತಿರುಗುತ್ತಿರುವಾಗ, ಸುಳಿಯ ಗೋಡೆಗೆ ತಾಗುವಂತೆ ಚಿಟಿಕೆ ಚಿಟಿಕೆಯಾಗಿ ಉದುರಿಸಿ. ದ್ರವ ಮಂದವಾಗುತ್ತ ಬಂದ ಹಾಗೆ ಸುಳಿ ಮುಚ್ಚಿಕೊಳ್ಳುತ್ತದೆ. ಆಗ ವೇಗ ಹೆಚ್ಚಿಸದೆ ಸ್ವಲ್ಪ ಬೆಚ್ಚಗೆ ಮಾಡಿ. ಪೂರ್ತಿ ಕರಗಿದ ಮೇಲೆ, ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಆಟೋಕ್ಲೇವ್‌ಗೆ ಇಡಿ. 121 ಡಿಗ್ರಿಯಲ್ಲಿ ಸರಪಳಿಗಳು ಒಂದಿಷ್ಟು ತುಂಡಾಗಿ ದ್ರವ ತೆಳ್ಳಗಾಗುತ್ತದೆ. ಆದ್ದರಿಂದ 15 ನಿಮಿಷಕ್ಕಿಂತ ಹೆಚ್ಚು ಇಡಬೇಡಿ, ಒಮ್ಮೆ ಆಟೋಕ್ಲೇವ್ ಮಾಡಿದ್ದನ್ನು ಇನ್ನೊಮ್ಮೆ ಮಾಡಬೇಡಿ.

ಹೊರತೆಗೆದ ಆಲ್ಜಿನೇಟಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳಿರುತ್ತವೆ. ಬೆಳಕಿಗೆ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಅದನ್ನು ರಾತ್ರಿಯಿಡೀ ಫ್ರಿಜ್ಜಿನಲ್ಲಿ ಬಿಟ್ಟರೆ ಗುಳ್ಳೆಗಳೆಲ್ಲ ಮೇಲಕ್ಕೆ ಬಂದು ಹೋಗುತ್ತವೆ. ಗುಳ್ಳೆ ಸಹಿತ ಮಣಿ ಮಾಡಿದರೆ ಅವು ಕ್ಯಾಲ್ಸಿಯಂ ಕ್ಲೋರೈಡಿನ ಮೇಲೆ ತೇಲುತ್ತವೆ. ತೇಲಿದ ಭಾಗ ಸರಿಯಾಗಿ ಗಟ್ಟಿಯಾಗುವುದಿಲ್ಲ, ಒಳಗೆ ಗಾಳಿಯೂ ಸಿಕ್ಕಿಹಾಕಿಕೊಂಡಿರುತ್ತದೆ.

ಇನ್ನೊಂದು ಸೇರ್ಪಡೆಯನ್ನು ನಾನು ಒತ್ತಿ ಹೇಳುತ್ತೇನೆ: ಪಿಷ್ಟ. ಅಮೈಲೋಸ್ ಹೆಚ್ಚಿರುವ ಮುಸುಕಿನ ಜೋಳದ ರೆಸಿಸ್ಟೆಂಟ್ ಸ್ಟಾರ್ಚ್ (ಸುಲಭಕ್ಕೆ ಜೀರ್ಣವಾಗದ ಪಿಷ್ಟ) ಅನ್ನು ಒಟ್ಟು ಮಿಶ್ರಣದ ಶೇ 2ರಷ್ಟು ಸೇರಿಸಿ. ಬರೀ ಆಲ್ಜಿನೇಟಿನ ಜೆಲ್ ರಂಧ್ರಮಯ. ಬ್ಯಾಕ್ಟೀರಿಯಾ ಹೊರಬರಲಾರದಷ್ಟು ಸಣ್ಣ ರಂಧ್ರ ನಿಜ, ಆದರೆ ಆಮ್ಲದ ಹೈಡ್ರೋಜನ್ ಅಯಾನಿಗೆ ಅದು ತೆರೆದ ಬಾಗಿಲು. ಪಿಷ್ಟದ ಕಣಗಳು ಆ ಜಾಲದಲ್ಲಿ ತುಂಬಿಕೊಂಡು ಮಣಿಯನ್ನು ದಟ್ಟ ಮಾಡುತ್ತವೆ. ಒಣಗಿಸುವಾಗ ಮಣಿ ಚಪ್ಪಟೆಯಾಗದಂತೆಯೂ ತಡೆಯುತ್ತವೆ. ಪಿಷ್ಟ ಸೇರಿದ ಮಣಿ ಹಾಲಿನ ಬಿಳಿಗೆ ತಿರುಗುವುದರಿಂದ ಬೀಕರಿನಲ್ಲಿ ಗುರುತಿಸುವುದೂ ಹಗುರ.

ಮಣಿ ಹನಿಸುವುದು

0.1 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಬೇಕು. ಬಾಟಲಿಯ ಮೇಲೆ ಡೈಹೈಡ್ರೇಟ್ ಎಂದಿದ್ದರೆ ಲೀಟರಿಗೆ 14.7 ಗ್ರಾಂ, ಅನ್‌ಹೈಡ್ರಸ್ ಎಂದಿದ್ದರೆ 11.1 ಗ್ರಾಂ. ಅನ್‌ಹೈಡ್ರಸ್ ಗಾಳಿಯ ತೇವ ಹೀರಿ ಗಡ್ಡೆಯಾಗುತ್ತದೆ, ತೂಕ ನಂಬುವಂತಿರುವುದಿಲ್ಲ. ನಾವು ಡೈಹೈಡ್ರೇಟನ್ನೇ ತರಿಸುತ್ತೇವೆ.

50 ಮಿಲಿ ಬ್ರಾತಿನಿಂದ ಬಂದು ತೊಳೆದ ಪೆಲೆಟ್ ಅನ್ನು 10 ಮಿಲಿ ಸಲೈನಿನಲ್ಲಿ ಕದಡಿ, 40 ಮಿಲಿ ಆಲ್ಜಿನೇಟಿಗೆ ಸೇರಿಸಿ. ಸ್ಟೆರಿಲೈಸ್ ಮಾಡಿಟ್ಟ ಪಿಷ್ಟ 1 ಗ್ರಾಂ ಹಾಕಿ ನಿಧಾನವಾಗಿ ತಿರುಗಿಸಿ. ವೋರ್ಟೆಕ್ಸ್ (ಜೋರಾಗಿ ಅಲುಗಿಸುವ ಯಂತ್ರ) ಬೇಡ, ಮತ್ತೆ ಗುಳ್ಳೆ ಬರುತ್ತದೆ. ಈ ಮಿಶ್ರಣದಲ್ಲಿ 1 ಮಿಲಿ ತೆಗೆದು ಈಗಲೇ ಎಣಿಕೆಗೆ ಇಟ್ಟುಕೊಳ್ಳಿ. "ಒಳಗೆ ಹೋದದ್ದೆಷ್ಟು" ಎಂಬುದಕ್ಕೆ ಇದೊಂದೇ ಸಾಕ್ಷಿ, ಮುಂದೆ ಎಲ್ಲೂ ಸಿಗುವುದಿಲ್ಲ.

ಶುದ್ಧ ಗಾಳಿ ಹರಿಯುವ ಲ್ಯಾಮಿನಾರ್ ಹುಡ್ ಒಳಗೆ ಮಿಶ್ರಣವನ್ನು ಸಿರಿಂಜಿಗೆ ತುಂಬಿ, ನಿಧಾನವಾಗಿ ತಿರುಗುತ್ತಿರುವ ಕ್ಯಾಲ್ಸಿಯಂ ಕ್ಲೋರೈಡಿಗೆ ಹನಿಸಿ. ಹನಿ ಮುಟ್ಟಿದ ಕ್ಷಣಕ್ಕೆ ಹೊರಪದರ ಕಟ್ಟುತ್ತದೆ, ಅದು ಗುಂಡಗೆ ಮುಳುಗುವುದು ಕಣ್ಣಿಗೆ ಕಾಣುತ್ತದೆ. ಸೂಜಿಯ ತುದಿಯಿಂದ ದ್ರವದ ಮೇಲ್ಮೈಗೆ ಐದಾರು ಸೆಂಟಿಮೀಟರ್ ಅಂತರವಿರಲಿ. ತೀರಾ ಹತ್ತಿರ ಹಿಡಿದರೆ ಹನಿ ದುಂಡಾಗಲು ಸಮಯ ಸಿಗದೆ ಬಾಲ ಉಳಿಯುತ್ತದೆ. ತೀರಾ ಮೇಲಿಂದ ಬಿಟ್ಟರೆ ಮೇಲ್ಮೈಗೆ ಅಪ್ಪಳಿಸಿ ಚಪ್ಪಟೆ. ಅಂತರ ಸರಿಯಿದ್ದೂ ಬಾಲ ಬರುತ್ತಿದ್ದರೆ ಆಲ್ಜಿನೇಟ್ ಮಂದವಾಗಿದೆ ಎಂದರ್ಥ. 21 ಗೇಜ್ ಸೂಜಿಯಲ್ಲಿ ಮಣಿ ದಪ್ಪ, 27ರಲ್ಲಿ ಸಣ್ಣ. ಆದರೆ 27ರಲ್ಲಿ ಪಿಷ್ಟ ಕಟ್ಟಿಕೊಳ್ಳುತ್ತದೆ, ಬೆರಳು ನೋಯುತ್ತದೆ. ಪಿಷ್ಟವಿರುವ ಮಿಶ್ರಣಕ್ಕೆ 23 ಅಥವಾ 24 ಹಿತ. ಸಿರಿಂಜ್ ಪಂಪ್ ಇದ್ದರೆ ಬಳಸಿ, ಮಣಿಗಳು ಒಂದೇ ಅಳತೆಗೆ ಬರುತ್ತವೆ.

ಎಲ್ಲ ಹನಿಸಿದ ಮೇಲೆ 30 ನಿಮಿಷ ಗಟ್ಟಿಯಾಗಲು ಬಿಡಿ. ಆಮೇಲೆ ಸ್ಟೆರೈಲ್ ಜರಡಿಯಲ್ಲಿ ಸೋಸಿ, ನೀರಿನಲ್ಲಿ ಒಮ್ಮೆ ತೊಳೆದು, ಫಿಲ್ಟರ್ ಪೇಪರ್ ಮೇಲೆ ಉರುಳಿಸಿ ಮೇಲಿನ ನೀರು ತೆಗೆದು, ಒಟ್ಟು ತೂಕ ಬರೆದುಕೊಳ್ಳಿ. ಸೋಸಿದ ದ್ರವವನ್ನೂ ಚೆಲ್ಲಬೇಡಿ. ಅದರಲ್ಲಿ ಎಷ್ಟು ಕೋಶ ತಪ್ಪಿಸಿಕೊಂಡಿವೆ ಎಂದು ಒಂದು ಪ್ಲೇಟ್ ಹಾಕಿ.

ಈ ವಿಧಾನದ ಮಣಿ ಎರಡು ಮೂರು ಮಿಲಿಮೀಟರ್ ಇರುತ್ತದೆ. ಮೈಕ್ರೋ ಎನ್ನುವುದು 1 ಮಿಲಿಮೀಟರಿನೊಳಗಿನ ಮಾತು, ಹಾಗಾಗಿ ಸಿರಿಂಜಿನ ಮಣಿಗೆ ಆ ಹೆಸರು ಸಲ್ಲುವುದಿಲ್ಲ. ಕಲಿಯುವುದಕ್ಕೆ ಮಾತ್ರ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ, ಯಾಕೆಂದರೆ ತಪ್ಪಿದರೆ ಕಣ್ಣಿಗೇ ಕಾಣುತ್ತದೆ.

ಸಣ್ಣ ಮಣಿ ಬೇಕೆಂದರೆ

ಎಮಲ್ಷನ್ ವಿಧಾನ, ಅಂದರೆ ಆಲ್ಜಿನೇಟನ್ನು ಎಣ್ಣೆಯೊಳಗೆ ಸಣ್ಣ ಹನಿಗಳಾಗಿ ಒಡೆಯುವುದು. 100 ಮಿಲಿ ಸೂರ್ಯಕಾಂತಿ ಎಣ್ಣೆಗೆ ಎಣ್ಣೆ, ನೀರು ಬೆರೆಯಲು ನೆರವಾಗುವ ಟ್ವೀನ್ 80 ಅರ್ಧ ಗ್ರಾಂ ಬೆರೆಸಿ, ಅದಕ್ಕೆ ಕೋಶ ಸೇರಿದ ಆಲ್ಜಿನೇಟ್ 20 ಮಿಲಿ ಹಾಕಿ, 300 ಆರ್‌ಪಿಎಂನಲ್ಲಿ 20 ನಿಮಿಷ ತಿರುಗಿಸಿ. ಎಣ್ಣೆ ಪೂರ್ತಿ ಹಾಲುಹಾಲಾದಾಗ 0.1 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡನ್ನು ಬೀಕರಿನ ಗೋಡೆಯ ಮೇಲಿಂದ ಬೇಗ ಇಳಿಬಿಡಿ. ಎಮಲ್ಷನ್ ಒಡೆದು ಎಣ್ಣೆ ಮೇಲೆ, ಮಣಿ ಕೆಳಗೆ. ಅರ್ಧ ಗಂಟೆ ಬಿಟ್ಟು, ಎಣ್ಣೆ ಬಸಿದು, 350 ಜಿಯಷ್ಟು ಮೆಲ್ಲಗೆ ಸೆಂಟ್ರಿಫ್ಯೂಜ್ ಮಾಡಿ ಮಣಿ ಇಳಿಸಿಕೊಳ್ಳಿ. ತಿರುಗಿಸುವ ವೇಗ ಹೆಚ್ಚಿದಷ್ಟೂ ಮಣಿ ಸಣ್ಣ.

ಹಾಗೆಂದು ಸಣ್ಣದಾದಷ್ಟೂ ಒಳ್ಳೆಯದು ಎಂದುಕೊಳ್ಳಬೇಡಿ. 100 ಮೈಕ್ರಾನಿಗಿಂತ ದೊಡ್ಡದು ನಾಲಿಗೆಗೆ ಮರಳು ಮರಳಾಗಿ ಸಿಗತೊಡಗುತ್ತದೆ, ಅದಕ್ಕಿಂತ ಸಣ್ಣದು ಹೊಟ್ಟೆಯ ಆಮ್ಲದಿಂದ ಅಷ್ಟಾಗಿ ಕಾಪಾಡುವುದಿಲ್ಲ. ಬಾಯಿ ಕೇಳುವುದು ಒಂದು, ಬ್ಯಾಕ್ಟೀರಿಯಾ ಕೇಳುವುದು ಇನ್ನೊಂದು. ಮೊಸರು, ಐಸ್‌ಕ್ರೀಮಿಗೆ ಸೇರಿಸುವವರು ನೂರರಿಂದ ಇನ್ನೂರು ಮೈಕ್ರಾನಿನ ಆಸುಪಾಸಿನಲ್ಲಿ ರಾಜಿ ಮಾಡಿಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಹಣ್ಣಿನ ಚೂರು, ಸಬ್ಬಕ್ಕಿ ಇರುವ ತಿನಿಸಾದರೆ ದಪ್ಪ ಮಣಿಯೂ ನಡೆಯುತ್ತದೆ.

ಎಣಿಕೆ

ಪ್ರಾಜೆಕ್ಟುಗಳು ಎಡವುವ ಜಾಗ ಇದೇ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಮಣಿಯನ್ನು ಹಾಗೇ ಪ್ಲೇಟಿನ ಮೇಲಿಟ್ಟರೆ ಒಂದು ಮಣಿಗೆ ಒಂದು ಕಾಲೊನಿ ಬರುತ್ತದೆ. ಒಳಗೆ ಒಂದು ಕೋಟಿ ಇದ್ದರೂ ಒಂದೇ. ಮೊದಲು ಕರಗಿಸಬೇಕು. ಮೇಲೆ ಮಣಿಯ ಶತ್ರು ಎಂದೆನಲ್ಲ, ಆ ಸಿಟ್ರೇಟೇ ಈಗ ಬೇಕಾಗುವುದು: 1 ಗ್ರಾಂ ಮಣಿಗೆ ಶೇ 1ರ ಸ್ಟೆರೈಲ್ ಸೋಡಿಯಂ ಸಿಟ್ರೇಟ್ 9 ಮಿಲಿ, ಕೋಣೆಯ ಉಷ್ಣತೆಯಲ್ಲಿ 10ರಿಂದ 15 ನಿಮಿಷ ಅಲುಗಾಡಿಸಿ. ಮಣಿಯ ಅಂಚು ಮೊದಲು ಮಬ್ಬಾಗುತ್ತದೆ, ಆಮೇಲೆ ಆಕಾರ ಕಳೆದುಕೊಂಡು ಪೂರ್ತಿ ದ್ರವವಾಗುತ್ತದೆ. ತಳದಲ್ಲಿ ಚೂರೂ ಉಳಿದಿರಬಾರದು. ಒಂದು ಎಚ್ಚರ: ಮಣಿಯಿಲ್ಲದ ಕೋಶಗಳನ್ನೂ ಇದೇ ಸಿಟ್ರೇಟಿನಲ್ಲಿ ಅಷ್ಟೇ ಹೊತ್ತು ಇಟ್ಟು ಎಣಿಸಿ. ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ.

ಮುಂದೆ ಎಂದಿನಂತೆ ಹತ್ತರಷ್ಟು ಹತ್ತರಷ್ಟು ತೆಳುಗೊಳಿಸಿ ಎಂಆರ್‌ಎಸ್ ಅಗಾರಿನಲ್ಲಿ ಪೋರ್ ಪ್ಲೇಟ್ (ಮಾದರಿಯನ್ನು ಕರಗಿದ ಅಗಾರಿನೊಂದಿಗೆ ತಟ್ಟೆಗೆ ಸುರಿಯುವುದು) ಹಾಕಿ, 37 ಡಿಗ್ರಿ, 48 ಗಂಟೆ. ಬೈಫಿಡೊ ಆದರೆ ಅಗಾರಿಗೆ ಶೇ 0.05 ಸಿಸ್ಟೀನ್ ಸೇರಿಸಿ ಅನೇರೋಬಿಕ್ (ಆಮ್ಲಜನಕವಿಲ್ಲದ) ಜಾರಿನಲ್ಲಿ 72 ಗಂಟೆ. 30ರಿಂದ 300 ಕಾಲೊನಿ ಇರುವ ಪ್ಲೇಟುಗಳನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಈಗ ಲೆಕ್ಕ. ಉದಾಹರಣೆಗೆ, 50 ಮಿಲಿ ಮಿಶ್ರಣದಲ್ಲಿ ಮಿಲಿಗೆ 100 ಕೋಟಿ ಇತ್ತು ಎನ್ನಿ. ಒಟ್ಟು 5000 ಕೋಟಿ. ಬಂದ ಮಣಿ 40 ಗ್ರಾಂ, ಗ್ರಾಂಗೆ 90 ಕೋಟಿ. ಒಟ್ಟು 3600 ಕೋಟಿ. ಅಂದರೆ ಶೇ 72 ಉಳಿದಿದೆ. ಮಿಲಿಗೆ ನೂರು, ಗ್ರಾಂಗೆ ತೊಂಬತ್ತು ಎಂದು ನೇರವಾಗಿ ಭಾಗಿಸಿದರೆ ಶೇ 90 ಎಂದು ಬರುತ್ತದೆ, ಅದು ತಪ್ಪು. ಗಟ್ಟಿಯಾಗುವಾಗ ಮಣಿ ನೀರು ಬಿಟ್ಟು ಕುಗ್ಗುತ್ತದೆ, ಅದರಿಂದ ಗ್ರಾಮಿನ ಲೆಕ್ಕ ಉಬ್ಬುತ್ತದೆ. ಒಟ್ಟು ತೂಕ ಬರೆದುಕೊಳ್ಳಿ ಎಂದದ್ದು ಇದಕ್ಕೇ.

ಇನ್ನು ಲಾಗ್ (ಹತ್ತರ ಘಾತ) ವಿಷಯ; ಒಂದು ಲಾಗ್ ಇಳಿದರೆ ಹತ್ತರಲ್ಲಿ ಒಂದು ಪಾಲು ಮಾತ್ರ ಉಳಿದಂತೆ. ಅದೇ ಎರಡು ಸಂಖ್ಯೆಗಳ ಲಾಗ್ ತೆಗೆದರೆ 10.70 ಮತ್ತು 10.56. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಶೇ 98.7! ಎಷ್ಟೋ ವರದಿಗಳಲ್ಲಿ "ದಕ್ಷತೆ ಶೇ 98" ಎಂದು ಬರೆದಿರುವುದು ಈ ಬಗೆಯ ಲೆಕ್ಕ. ನೂರಕ್ಕೆ ಇಪ್ಪತ್ತೆಂಟು ಜೀವ ಹೋಗಿರುವುದು ಅದರಲ್ಲಿ ಕಾಣುವುದೇ ಇಲ್ಲ. ಲಾಗ್ ಬಳಸಬಾರದು ಎನ್ನುತ್ತಿಲ್ಲ; ಹೊಟ್ಟೆಯ ಪರೀಕ್ಷೆಯಲ್ಲಿ ಎಷ್ಟು ಲಾಗ್ ಇಳಿಯಿತು ಎಂದು ಹೇಳುವುದೇ ಸರಿ. ಆದರೆ ಮಣಿ ಮಾಡುವ ಹಂತದ ನಷ್ಟವನ್ನು ನೇರ ಸಂಖ್ಯೆಯಲ್ಲೂ ಕೊಡಿ. ನನ್ನ ಹತ್ತಿರ ಬರುವ ಮಕ್ಕಳ ವರದಿಯಲ್ಲಿ ಎರಡೂ ಇಲ್ಲದಿದ್ದರೆ ನಾನು ಸಹಿ ಹಾಕುವುದಿಲ್ಲ.

ಹೊಟ್ಟೆಯ ಪರೀಕ್ಷೆ

ಮೊದಲ ಸಲಕ್ಕೆ ಸರಳವಾದದ್ದು ಸಾಕು: ಶೇ 0.2 ಉಪ್ಪಿನ ದ್ರಾವಣ, ಹೈಡ್ರೋಕ್ಲೋರಿಕ್ ಆಮ್ಲದಿಂದ ಪಿಎಚ್ 2, 37 ಡಿಗ್ರಿ. ಪ್ರಕಟಿಸುವ ಉದ್ದೇಶವಿದ್ದರೆ 2014ರಲ್ಲಿ ಬಂದು 2019ರಲ್ಲಿ ಪರಿಷ್ಕೃತವಾದ ಇನ್ಫೋಜೆಸ್ಟ್ (ಜೀರ್ಣಕ್ರಿಯೆಯನ್ನು ಲ್ಯಾಬಿನಲ್ಲಿ ಅನುಕರಿಸುವ) ವಿಧಾನ ಅನುಸರಿಸಿ. ಅದರಲ್ಲಿ ಹೊಟ್ಟೆಯ ಹಂತ ಪಿಎಚ್ 3, ಪೆಪ್ಸಿನ್ ಕಿಣ್ವ ಮಿಲಿಗೆ 2000 ಯೂನಿಟ್, ಎರಡು ಗಂಟೆ. ಕರುಳಿನ ಹಂತ ಪಿಎಚ್ 7, ಪ್ಯಾಂಕ್ರಿಯಾಟಿನ್ ಮತ್ತು ಪಿತ್ತ ಲವಣಗಳೊಂದಿಗೆ ಮತ್ತೆರಡು ಗಂಟೆ.

ಒಂದೊಂದು ಸಮಯಕ್ಕೆ ಒಂದೊಂದು ಟ್ಯೂಬ್ ಬೇರೆಯಾಗಿ ಇಡಿ: 0, 30, 60, 120 ನಿಮಿಷ. ಒಂದೇ ಫ್ಲಾಸ್ಕಿನಿಂದ ಮಣಿ ಹೆಕ್ಕುತ್ತ ಹೋದರೆ ತೂಕ ಏರುಪೇರಾಗುತ್ತದೆ. ಸಮಯ ಮುಗಿದ ತಕ್ಷಣ ಆಮ್ಲ ಬಸಿದು ಮಣಿಯನ್ನು ಸಿಟ್ರೇಟಿಗೆ ಹಾಕಿ. ಪಕ್ಕದಲ್ಲೇ ಬೆತ್ತಲೆ ಕೋಶಗಳ ಟ್ಯೂಬುಗಳು, ಅದೇ ಸಂಖ್ಯೆಯಿಂದ ಶುರುವಾದವು, ಅದೇ ಗಡಿಯಾರಕ್ಕೆ. ಹಾಲಿನ ಪುಡಿಯಲ್ಲಿ ಕದಡಿದ ಕೋಶಗಳನ್ನು ಹೋಲಿಕೆಗೆ ಇಡಬೇಡಿ. ಹಾಲಿನ ಪ್ರೋಟೀನು ಆಮ್ಲವನ್ನು ಹೀರಿಕೊಂಡು ಅವಕ್ಕೆ ಅನುಕೂಲ ಮಾಡಿಕೊಡುತ್ತದೆ.

ಪಿಎಚ್ ಸುಮಾರು 3.5ಕ್ಕಿಂತ ಕೆಳಗಿಳಿದಾಗ ಆಲ್ಜಿನೇಟ್ ಆಲ್ಜಿನಿಕ್ ಆಮ್ಲವಾಗಿ ಮಣಿ ಕುಗ್ಗುತ್ತದೆ, ಬಿಗಿಯುತ್ತದೆ. ಕರುಳಿನ ತಟಸ್ಥ ಪಿಎಚ್‌ಗೆ ಬಂದಾಗ ಉಬ್ಬಿ, ಅಲ್ಲಿನ ಫಾಸ್ಫೇಟ್ ಕ್ಯಾಲ್ಸಿಯಂ ಕಿತ್ತುಕೊಂಡ ಹಾಗೆ ಸಡಿಲವಾಗಿ ಕೋಶಗಳನ್ನು ಬಿಡುತ್ತದೆ. ಆಲ್ಜಿನೇಟನ್ನು ಇಷ್ಟು ಜನ ಬಳಸುವುದಕ್ಕೆ ಇದೇ ಕಾರಣ: ಬೇಡದ ಕಡೆ ಮುಚ್ಚುತ್ತದೆ, ಬೇಕಾದ ಕಡೆ ತೆರೆಯುತ್ತದೆ. ಕರುಳಿನ ಹಂತದಲ್ಲಿ ಮಣಿ ಬಿಟ್ಟುಕೊಟ್ಟಿತೇ ಎಂಬುದನ್ನೂ ಪರೀಕ್ಷಿಸಿ. ಆಮ್ಲದಲ್ಲಿ ಅದ್ಭುತವಾಗಿ ಕಾಪಾಡಿ, ಕರುಳಲ್ಲಿ ತೆರೆದುಕೊಳ್ಳದೆ ಹಾಗೇ ಹೊರಟುಹೋಗುವ ಮಣಿಯಿಂದ ಯಾರಿಗೂ ಉಪಕಾರವಿಲ್ಲ.

ಆಮ್ಲದ ಹಂತದಲ್ಲಿ ನಿರೀಕ್ಷಿಸಿದ ರಕ್ಷಣೆ ಸಿಗದಿದ್ದರೆ ಕೈಟೋಸಾನ್ ಪೊರೆ ಕೊಟ್ಟು ನೋಡಿ. ಕಡಿಮೆ ಅಣುತೂಕದ ಕೈಟೋಸಾನ್ ಶೇ 0.4, ತೆಳು ಅಸಿಟಿಕ್ ಆಮ್ಲದಲ್ಲಿ ಕರಗಿಸಿ, ಪಿಎಚ್ ಅನ್ನು 5.7ರಿಂದ 6ಕ್ಕೆ ತಂದು, ಮಣಿಗಳನ್ನು 40 ನಿಮಿಷ ಅದರಲ್ಲಿ ತಿರುಗಿಸಿ ತೊಳೆಯುವುದು. ಆಲ್ಜಿನೇಟ್ ಋಣ, ಕೈಟೋಸಾನ್ ಧನ, ಎರಡೂ ಅಂಟಿಕೊಳ್ಳುತ್ತವೆ. ಪೊರೆ ಬಂದ ಮಣಿ ಸಿಟ್ರೇಟಿನಲ್ಲಿ ಸುಲಭಕ್ಕೆ ಕರಗದು. ಸ್ಟೊಮ್ಯಾಕರಿನಲ್ಲಿ (ಮಾದರಿಯನ್ನು ಚೀಲದಲ್ಲಿಟ್ಟು ಹಿಸುಕುವ ಯಂತ್ರ) ಚೆನ್ನಾಗಿ ಜಜ್ಜಿ ಎಣಿಸಬೇಕು. ಕೈಟೋಸಾನ್ ಸಾಮಾನ್ಯವಾಗಿ ಸೀಗಡಿ, ಏಡಿಗಳ ಚಿಪ್ಪಿನದು. ಸಸ್ಯಾಹಾರಿಗಳಿಗೆ, ಸೀಗಡಿ ಅಲರ್ಜಿ ಇರುವವರಿಗೆ ಮಾಡುವ ಉತ್ಪನ್ನವಾದರೆ ಇದನ್ನು ಮೊದಲೇ ಯೋಚಿಸಿ.

ಒಣಗಿಸುವುದು

ಹಸಿ ಮಣಿ ಫ್ರಿಜ್ಜಿನಲ್ಲಿ ಕೆಲವು ವಾರ ಬಾಳುತ್ತದೆ, ಅಷ್ಟೇ. ಹೆಚ್ಚು ಕಾಲಕ್ಕೆ ಒಣಗಿಸಬೇಕು. ಫ್ರೀಜ್ ಡ್ರೈ (ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ನೀರು ತೆಗೆಯುವುದು) ಮಾಡುವುದಾದರೆ ಮಣಿಗಳನ್ನು ಶೇ 10 ಕೆನೆರಹಿತ ಹಾಲಿನ ಪುಡಿ, ಶೇ 5ರಿಂದ 10 ಟ್ರೆಹಲೋಸ್ ಇರುವ ದ್ರಾವಣದಲ್ಲಿ ಅರ್ಧ ಗಂಟೆ ನೆನೆಸಿ, ಮೈನಸ್ 80ರಲ್ಲಿ ರಾತ್ರಿಯಿಡೀ ಹೆಪ್ಪುಗಟ್ಟಿಸಿ, ಆಮೇಲೆ ಲಯೋಫಿಲೈಜರಿಗೆ. ಟ್ರೆಹಲೋಸ್ ದುಬಾರಿ ಎನಿಸಿದರೆ ಸಕ್ಕರೆಯೇ ಸಾಕಷ್ಟು ಕೆಲಸ ಮಾಡುತ್ತದೆ. ನೀರು ಹೊರಟಾಗ ಕೋಶಪೊರೆಯ ಅಣುಗಳ ನಡುವೆ ಈ ಸಕ್ಕರೆಗಳು ನೀರಿನ ಜಾಗ ಹಿಡಿದು ಪೊರೆ ಕುಸಿಯದಂತೆ ನೋಡಿಕೊಳ್ಳುತ್ತವೆ.

ಸ್ಪ್ರೇ ಡ್ರೈಯಿಂಗ್ ಖರ್ಚು ಬಹಳ ಕಡಿಮೆ. ಅದರಲ್ಲಿ ಮಣಿ ಬೇಡ. ಕೋಶಗಳನ್ನು ಹಾಲಿನ ಪುಡಿ, ಮಾಲ್ಟೊಡೆಕ್ಸ್ಟ್ರಿನ್, ಅಕೇಶಿಯಾ ಗೋಂದಿನ ದ್ರಾವಣದಲ್ಲಿ ಕದಡಿ ನೇರವಾಗಿ ಸಿಂಪಡಿಸುವುದು. ಒಳಹೋಗುವ ಗಾಳಿ 150, 160 ಡಿಗ್ರಿ ಎಂದು ಕೇಳಿ ಮಕ್ಕಳು ಹೌಹಾರುತ್ತಾರೆ. ಹನಿಯಿಂದ ನೀರು ಆವಿಯಾಗುತ್ತಿರುವಷ್ಟು ಹೊತ್ತು ಅದು ತಂಪಾಗಿಯೇ ಇರುತ್ತದೆ. ಕೋಶದ ಹಣೆಬರಹ ಬರೆಯುವುದು ಹೊರಬರುವ ಗಾಳಿಯ ಉಷ್ಣತೆ. ಅದನ್ನು 65ರಿಂದ 70ರಲ್ಲಿ ಹಿಡಿದಿಡಿ. 80 ದಾಟಿಸಿದರೆ ಬದುಕುಳಿಯುವವು ಬಹಳ ಕಡಿಮೆ, ತೀರಾ ಇಳಿಸಿದರೆ ಪುಡಿ ಹಸಿಯಾಗಿ ಸೈಕ್ಲೋನಿಗೆ ಅಂಟುತ್ತದೆ.

ಯಾವ ದಾರಿಯಾದರೂ ಒಣಗಿದ ಪುಡಿಯ ವಾಟರ್ ಆಕ್ಟಿವಿಟಿ (ಸೂಕ್ಷ್ಮಜೀವಿಗೆ ದಕ್ಕುವ ನೀರಿನ ಅಳತೆ) 0.25ರ ಕೆಳಗಿರಲಿ. ಅಲ್ಯೂಮಿನಿಯಂ ಫಾಯಿಲ್ ಪೌಚ್, ಒಳಗೆ ಸಿಲಿಕಾ ಜೆಲ್ ಪೊಟ್ಟಣ, 4 ಡಿಗ್ರಿ. ಜೂನ್, ಜುಲೈನಲ್ಲಿ ಮಂಗಳೂರು, ಉಡುಪಿ ಕಡೆಯವರು ಪೌಚ್ ತೆರೆದಿಟ್ಟು ತೂಕ ಮಾಡಲು ಕೂರಬೇಡಿ. ಪುಡಿ ಕಣ್ಣೆದುರೇ ತೇವ ಎಳೆದುಕೊಳ್ಳುತ್ತದೆ, ಅರೆಎಚ್ಚರವಾದ ಕೋಶಗಳು ಕೆಲವೇ ದಿನಗಳಲ್ಲಿ ಸಾಯುತ್ತವೆ. ಮೊದಲೇ ಒಂದೊಂದು ಸಲಕ್ಕೆ ಬೇಕಾದಷ್ಟನ್ನು ಸಣ್ಣ ಪೌಚುಗಳಲ್ಲಿ ಹಂಚಿಡಿ.

ಮೊಸರಿಗೆ ಸೇರಿಸುವಾಗ

ಹೆಪ್ಪು ಹಾಕುವಾಗ ಬೇಡ. ಮೊಸರಾಗಿ, ತಣ್ಣಗಾಗಿ, 4 ಡಿಗ್ರಿಗೆ ಇಳಿದ ಮೇಲೆ ಮಣಿ ಬೆರೆಸಿ. ಫ್ರಿಜ್ಜಿನಲ್ಲೂ ಮೊಸರು ದಿನದಿಂದ ದಿನಕ್ಕೆ ಹುಳಿಯೇರುತ್ತದೆ, ಹಾಗಾಗಿ 0, 7, 14, 21ನೇ ದಿನ ಪಿಎಚ್ ಮತ್ತು ಎಣಿಕೆ ಎರಡನ್ನೂ ತೆಗೆಯಿರಿ. ಮೊಸರಿನ ಸ್ವಂತ ಬ್ಯಾಕ್ಟೀರಿಯಾಗಳೂ ಎಂಆರ್‌ಎಸ್‌ನಲ್ಲಿ ಬೆಳೆಯುವುದರಿಂದ ಮಣಿಗಳನ್ನು ಜರಡಿಯಲ್ಲಿ ಬೇರ್ಪಡಿಸಿ, ತೊಳೆದು, ಆಮೇಲೆ ಕರಗಿಸಿ ಎಣಿಸಿ. ನಿಂಬೆ, ಕಿತ್ತಳೆ ರಸಗಳಿಗೆ ಸೇರಿಸುವವರು ಅಲ್ಲಿನ ಸಿಟ್ರಿಕ್ ಆಮ್ಲವನ್ನು ನೆನಪಿಡಿ. ಮಣಿ ಎಷ್ಟು ದಿನ ಗಟ್ಟಿಯಾಗಿ ನಿಲ್ಲುತ್ತದೆ ಎಂದು ಮೊದಲು ಕೋಶವಿಲ್ಲದ ಖಾಲಿ ಮಣಿಯಲ್ಲಿ ನೋಡಿಕೊಳ್ಳಿ. ಮಜ್ಜಿಗೆ ಹುಳಿಯಂತೆ ಕುದಿಸುವ ಯಾವುದಕ್ಕೂ ಇದು ಆಗದು. ಹೊಗೆಯಾಡುವ ಅನ್ನಕ್ಕೆ ಕಲಸುವ ಮೊಸರಿನಲ್ಲೂ ನಷ್ಟವಾಗುತ್ತದೆ, 60 ಡಿಗ್ರಿಯನ್ನು ಈ ಬ್ಯಾಕ್ಟೀರಿಯಾಗಳು ಹೆಚ್ಚು ಹೊತ್ತು ತಡೆಯವು. ಅನ್ನ ಆರಲಿ.

ಪ್ಯಾಕೆಟ್ಟಿನ ಮೇಲೆ ಮುದ್ರಿಸುವ ಸಂಖ್ಯೆ ತಯಾರಾದ ದಿನದ್ದಾಗಿರಬಾರದು, ಬಳಕೆಯ ಅವಧಿಯ ಕೊನೆಯ ದಿನ ಉಳಿಯುವಷ್ಟಿರಬೇಕು. 21ನೇ ದಿನ ನಿಮ್ಮ ಲೋಟ ಮೊಸರಿನಲ್ಲಿ 10 ಕೋಟಿ ಇರಬೇಕೆಂದರೆ ಮೊದಲ ದಿನ ಎಷ್ಟು ಹಾಕಬೇಕು ಎಂಬುದನ್ನು ಈ ನಾಲ್ಕು ಎಣಿಕೆಗಳೇ ಹೇಳುತ್ತವೆ.

ಲ್ಯಾಬಿನಲ್ಲಿ ಮಾಡಿದ ಮಣಿಯನ್ನು ಯಾರೂ ತಿನ್ನಬಾರದು, ರುಚಿಗೂ ಬೇಡ. ರಾಸಾಯನಿಕಗಳು ಫುಡ್ ಗ್ರೇಡ್ ಅಲ್ಲ, ಅದೇ ಹುಡ್‌ನಲ್ಲಿ ಬೇರೆಯವರು ರೋಗಕಾರಕಗಳನ್ನೂ ನಿಭಾಯಿಸುತ್ತಾರೆ. ರುಚಿ ನೋಡುವ ಹಂತ ಬಂದಾಗ ಆಹಾರ ತಯಾರಿಕೆಯ ಕೋಣೆಯಲ್ಲಿ, ಫುಡ್ ಗ್ರೇಡ್ ಆಲ್ಜಿನೇಟ್ ಮತ್ತು ಕ್ಯಾಲ್ಸಿಯಂ ಲವಣದಿಂದ ಹೊಸದಾಗಿ ಮಾಡಿ, ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಪಡೆದು ಮುಂದುವರಿಯಿರಿ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ, ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಿಗೆ ಜೀವಂತ ಬ್ಯಾಕ್ಟೀರಿಯಾ ಕೊಡುವುದು ವೈದ್ಯರ ತೀರ್ಮಾನಕ್ಕೆ ಬಿಟ್ಟದ್ದು. ಅಕಾಲಿಕ ಶಿಶುಗಳ ವಿಷಯದಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರಲ್ಲಿ ಆಸ್ಪತ್ರೆಗಳಿಗೆ ಎಚ್ಚರಿಕೆಯನ್ನೇ ಕಳಿಸಿದೆ. ಕೆಲಸ ಮುಗಿದ ಮೇಲೆ ಉಳಿದ ಮಣಿ, ಪ್ಲೇಟು, ಸಿರಿಂಜ್ ಎಲ್ಲವೂ ಆಟೋಕ್ಲೇವ್ ಆಗಿಯೇ ಹೊರಗೆ ಹೋಗಬೇಕು, ಸೂಜಿ ಮಾತ್ರ ಶಾರ್ಪ್ಸ್ ಡಬ್ಬಿಗೆ.